ನೆಗೆಟಿವ್ ಅನ್ನು ಲ್ಯಾಬಿನಲ್ಲೇ ಬಿಟ್ಟು ಬರಬೇಡಿ

ಮಾನ್ಯ ಸಂಪಾದಕರೇ,

ಆಗಸ್ಟ್ 19ರ ವಿಶ್ವ ಛಾಯಾಗ್ರಹಣ ದಿನಕ್ಕೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಬೆಂಗಳೂರು, ಮೈಸೂರಿನ ಹುಡುಗ ಹುಡುಗಿಯರು ಅಜ್ಜನ ಕಾಲದ ರೀಲು ಕ್ಯಾಮೆರಾ ಹುಡುಕಿ, ರಿಪೇರಿ ಮಾಡಿಸಿ, ಮತ್ತೆ ಫೋಟೊ ತೆಗೆಯುತ್ತಿದ್ದಾರೆ ಅಂತ ಅದರಲ್ಲಿತ್ತು. ತುಂಬ ಖುಷಿಯಾಯಿತು. ಆದರೆ ಮುಖ್ಯವಾದ ಒಂದು ಮಾತು ಅದರಲ್ಲಿ ಬರಲೇ ಇಲ್ಲ. ಅದನ್ನು ಹೇಳೋಣ ಅಂತ ಕೂತಿದ್ದೇನೆ. ಪತ್ರ ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಜಾಗ ಮಾಡಿಕೊಡಿ.

ನಾನು ಸಾಗರದವಳು. 1979ರಲ್ಲಿ ಮದುವೆಯಾಗಿ ಈ ಮನೆಗೆ ಬಂದಾಗ ಮುಂದಿನ ಕೋಣೆಯಲ್ಲೇ ಸ್ಟುಡಿಯೋ ಇತ್ತು. ಶುರು ಮಾಡಿದವರು ನಮ್ಮ ಮಾವ. ನಾನು ಬರುವ ಹೊತ್ತಿಗೆ ಅವರ ಕಣ್ಣು ಸ್ವಲ್ಪ ಮಂದವಾಗಿತ್ತು. ನಮ್ಮನೆಯವರು ಫೋಟೊ ತೆಗೆಯುತ್ತಿದ್ದರು, ನಾನು ತೊಳೆಯುತ್ತಿದ್ದೆ. ನಮ್ಮ ಕಡೆ ರೀಲು ಡೆವಲಪ್ ಮಾಡುವುದಕ್ಕೆ ತೊಳೆಯುವುದು ಅಂತಲೇ ಹೇಳುವುದು. ಸ್ಟುಡಿಯೋ ಬಾಗಿಲು ಹಾಕುವವರೆಗೆ, ಹತ್ತಿರ ಹತ್ತಿರ ಮೂವತ್ತು ವರ್ಷ, ಅದೇ ನನ್ನ ಕೆಲಸ.

ಫಿಲ್ಮಿನ ಮೇಲೆ ಈಗಿನವರಿಗೆ ಯಾಕೆ ಇಷ್ಟೊಂದು ಪ್ರೀತಿ ಅಂತ ನಿಮ್ಮ ಬರಹದಲ್ಲಿ ಕಾರಣ ಕೊಟ್ಟಿದ್ದರು. ಅದರ ಬಣ್ಣ, ಗ್ರೇನು ಅನ್ನುವ ಅದರ ಸಣ್ಣ ಸಣ್ಣ ಚುಕ್ಕೆ, ಒಂದೊಂದೇ ಫೋಟೊವನ್ನು ಯೋಚನೆ ಮಾಡಿ ತೆಗೆಯುವುದು, ತೆಗೆದ ಮೇಲೆ ಕಾಯುವುದು. ಎಲ್ಲ ನಿಜ. ಆದರೆ ಇಷ್ಟಕ್ಕೇ ಆದರೆ ಮೊಬೈಲಿನಲ್ಲೂ ಫಿಲ್ಮಿನ ಹಾಗೆ ಕಾಣಿಸುವ ಆ್ಯಪ್‌ಗಳಿವೆ, ಅಲ್ವಾ? ನನ್ನ ಮಟ್ಟಿಗೆ ಫಿಲ್ಮ್ ಅಂದರೆ ನೆಗೆಟಿವ್. ರೀಲು ತೊಳೆದ ಮೇಲೆ ಸಿಗುವ, ಕಪ್ಪು ಬಿಳುಪು ಅದಲುಬದಲಾಗಿ ಕಾಣುವ ಪಟ್ಟಿ. ಕೈಯಲ್ಲಿ ಹಿಡಿಯಬಹುದಾದ ಒಂದು ವಸ್ತು. ನಿಮ್ಮ ತಾಯಿಯ ಮುಖದ ಮೇಲೆ ಬಿದ್ದ ಬೆಳಕು ಬಂದು ತಾಗಿದ್ದು ಅದಕ್ಕೇ. ಆ ದಿನ, ಆ ಹೊತ್ತಿನಲ್ಲಿ, ಆ ಅಂಗಳದಲ್ಲಿ ಅದೂ ಇತ್ತು. ಮೊಬೈಲಿನ ಚಿತ್ರ ನೂರು ಜನರ ಕೈಗೆ ಹೋಗುತ್ತದೆ, ಒಳ್ಳೆಯದೇ. ಆದರೆ ಅಲ್ಲಿ ಇದ್ದು ಬಂದದ್ದು ಅಂತ ತೋರಿಸಲು ಒಂದು ತುಂಡೂ ಸಿಗುವುದಿಲ್ಲ.

ನಾನು ಕೆಲಸ ಕಲಿತದ್ದು ಹೇಗೆ ಅಂತ ಹೇಳುತ್ತೇನೆ. ಆಗ ಹೊರದೇಶದ ಫಿಲ್ಮ್ ಸಿಗುವುದು ಕಷ್ಟ, ಸಿಕ್ಕರೂ ದುಬಾರಿ. ನಮಗೆ ಆಧಾರ ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್‌ನ ‘ಇಂದು’ ಫಿಲ್ಮ್. 1960ರಲ್ಲಿ ಶುರುವಾದ ಸರ್ಕಾರಿ ಕಂಪನಿ ಅದು, ಈಗ ಮುಚ್ಚಿಹೋಗಿದೆ. 120 ಅನ್ನುವ ಅಳತೆಯ ಒಂದು ರೀಲಿನಲ್ಲಿ ಹನ್ನೆರಡೇ ಫೋಟೊ. ಮಾವ ನನ್ನನ್ನು ಡಾರ್ಕ್ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿ, ಐದು ನಿಮಿಷ ಸುಮ್ನೆ ನಿಲ್ಲಿಸಿದರು. ಪೇಪರಿಗಾದರೆ ಕೆಂಪು ಬಲ್ಬು ಹಾಕಬಹುದು. ಫಿಲ್ಮಿಗೆ ಅದೂ ಇಲ್ಲ, ಕಗ್ಗತ್ತಲೆ. ಆ ಕತ್ತಲೆಯಲ್ಲಿ ರೀಲಿನ ಹಿಂದಿನ ಕಪ್ಪು ಕಾಗದ ಬಿಡಿಸಬೇಕು. ಫಿಲ್ಮಿನ ಎರಡೂ ತುದಿ ಎರಡು ಕೈಯಲ್ಲಿ ಹಿಡಿದುಕೊಂಡು, ತೊಟ್ಟಿಲ ಹಾಗೆ ಜೋತುಬಿಟ್ಟು, ಬೋಗುಣಿಯಲ್ಲಿರುವ ಡೆವಲಪರ್ ದ್ರಾವಣದಲ್ಲಿ ಒಂದು ಕೈ ಮೇಲೆ ಒಂದು ಕೈ ಕೆಳಗೆ ಆಡಿಸುತ್ತಾ ಇರಬೇಕು. ಒಂದು ಕ್ಷಣವೂ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಅಲ್ಲಿ ಪಟ್ಟೆ ಬೀಳುತ್ತದೆ. ಲೆಕ್ಕಕ್ಕೆ ಗಡಿಯಾರ ಕಾಣುವುದಿಲ್ಲ. ಮಾವ ಮನಸ್ಸಿನಲ್ಲೇ ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು, ಎಷ್ಟನೆಯ ಶ್ಲೋಕಕ್ಕೆ ತೆಗೆಯಬೇಕು ಅಂತ ಅವರಿಗೆ ಗೊತ್ತಿತ್ತು. ಆಮೇಲೆ ನೀರು, ಆಮೇಲೆ ಚಿತ್ರವನ್ನು ಗಟ್ಟಿಯಾಗಿ ನಿಲ್ಲಿಸುವ ಹೈಪೋ ದ್ರಾವಣ, ಆಮೇಲೆ ಬಾವಿ ನೀರಿನಲ್ಲಿ ಮತ್ತೆ ಮತ್ತೆ ತೊಳೆಯುವುದು. ಹೈಪೋ ಪೂರ್ತಿ ಹೋಗದಿದ್ದರೆ ಹತ್ತು ವರ್ಷದ ಮೇಲೆ ಹಳದಿ ಬರುತ್ತದೆ. ಗಿರಾಕಿ ಆಗ ಬಂದು ಕೇಳುವುದಿಲ್ಲ, ಆದರೂ ತೊಳೆಯಬೇಕು ಅನ್ನುತ್ತಿದ್ದರು ಮಾವ.

ಆಷಾಢದಲ್ಲಿ ಒಣಗಿಸುವುದೇ ದೊಡ್ಡ ಫಜೀತಿ. ಬಚ್ಚಲೊಲೆಯ ಹತ್ತಿರ ಕಟ್ಟಿದರೆ ಬೂದಿ ಹಾರಿ ಕೂರುತ್ತದೆ. ಹೊರಗೆ ಕಟ್ಟಿದರೆ ಎರಡು ದಿನವಾದರೂ ಒಣಗುವುದಿಲ್ಲ, ಸಣ್ಣ ಹುಳ ಬಂದು ಅಂಟಿಕೊಳ್ಳುತ್ತದೆ. ಅಟ್ಟದಲ್ಲಿ, ಬಚ್ಚಲೊಲೆಯ ಬಿಸಿ ಮಾತ್ರ ತಾಗುವ ಒಂದು ಮೂಲೆಯಲ್ಲಿ ಹಗ್ಗ ಕಟ್ಟಿ, ಕೆಳತುದಿಗೆ ಕ್ಲಿಪ್ ಹಾಕಿ ಇಳಿಬಿಡುತ್ತಿದ್ದೆ.

ಆಮೇಲೆ ರೀಟಚಿಂಗ್. ಇದನ್ನು ನೋಡಿದವರು ಈಗ ಕಡಿಮೆ. ನೆಗೆಟಿವ್ ಅನ್ನು ಗಾಜಿನ ಮೇಲಿಟ್ಟು, ಕೆಳಗಿನಿಂದ ಬೆಳಕು ಬಿಟ್ಟು, ಸೂಜಿಯ ಹಾಗೆ ಚೂಪು ಮಾಡಿದ ಪೆನ್ಸಿಲಿನಿಂದ ಅದರ ಮೇಲೆ ಸಣ್ಣ ಸಣ್ಣ ಚುಕ್ಕೆ ಇಡುವುದು. ಮುಖದ ಕಲೆ ನೆಗೆಟಿವಿನಲ್ಲಿ ತಿಳಿಯಾಗಿ ಕಾಣುತ್ತದೆ. ಅಲ್ಲಿ ಪೆನ್ಸಿಲ್ ತುಂಬಿದರೆ ಪ್ರಿಂಟಿನಲ್ಲಿ ಕಲೆ ಮಾಯ. ಗಂಡಿನ ಮನೆಗೆ ಕಳಿಸುವ ಹುಡುಗಿಯರ ಫೋಟೊಗಳೇ ಜಾಸ್ತಿ ಬರುತ್ತಿದ್ದವು. ಮೊದಲ ದಿನ ನಾನು ಒಬ್ಬ ಹುಡುಗಿಯ ಕೆನ್ನೆಯ ಮಚ್ಚೆಯನ್ನೂ ಅಳಿಸಿಬಿಟ್ಟೆ. ಮಾವ ನೋಡಿದರು. “ಮೊಡವೆ ತೆಗಿ, ಅದು ನಾಳೆ ಹೋಗುತ್ತೆ. ಮಚ್ಚೆ ತೆಗೀಬೇಡ, ಅದು ಅವಳದ್ದು” ಅಂದರು. ಒದ್ದೆ ಹತ್ತಿಯಲ್ಲಿ ಒರೆಸಿ ಮತ್ತೆ ಮೊದಲಿನಿಂದ ಕೂತೆ.

ಈಗ ನಾನು ಹೇಳಬೇಕಾದ ವಿಷಯಕ್ಕೆ ಬರುತ್ತೇನೆ.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ನಮ್ಮ ತಾಲ್ಲೂಕಿನ, ಪಕ್ಕದ ಹೊಸನಗರದ ಎಷ್ಟೋ ಊರುಗಳು ಶರಾವತಿಯ ಹಿನ್ನೀರಿನಲ್ಲಿ ಹೋದವು. ಅದಕ್ಕೂ ಮುಂಚೆ ಕಟ್ಟಿದ್ದ ಮಡೆನೂರಿನ ಅಣೆಕಟ್ಟೆಯೇ ಮುಳುಗಿತು. ಮಳೆ ಕೈಕೊಟ್ಟ ವರ್ಷ ಬೇಸಿಗೆಯಲ್ಲಿ ಅದು ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಮನೆ ಬಿಡುವ ಮುಂಚೆ ಕೆಲವರು ನಮ್ಮ ಮಾವನನ್ನು ಕರೆಸಿ ಮನೆ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದರು. ಮರದ ಕ್ಯಾಮೆರಾ, ಕರಿ ಬಟ್ಟೆ, ಫಿಲ್ಮಿನ ಬದಲು ಗಾಜಿನ ಪ್ಲೇಟು. ಎತ್ತಿನ ಗಾಡಿಯಲ್ಲಿ ಹೋಗಿ ಬರುತ್ತಿದ್ದರಂತೆ. ಪ್ಲೇಟು ಒಡೆಯಬಾರದು ಅಂತ ಒಣಹುಲ್ಲಿನಲ್ಲಿ ಸುತ್ತಿ ತರುತ್ತಿದ್ದರಂತೆ.

2003ರ ಸುಮಾರಿಗೆ ಶಿವಮೊಗ್ಗದ ಹತ್ತಿರದ ಒಂದು ಹಳ್ಳಿಯಿಂದ ಒಬ್ಬರು ಬಂದರು. ಎಪ್ಪತ್ತರ ಆಸುಪಾಸಿನವರು, ಜೊತೆಗೆ ಮಗ. ಅವರದು ಮುಳುಗಡೆ ಮನೆ. “ನಿಮ್ಮ ಸ್ಟುಡಿಯೋದವರು ಬಂದು ನಮ್ಮ ಜಗಲಿ ಮುಂದೆ ಫೋಟೊ ತೆಗೆದಿದ್ದರು. ನಮ್ಮ ಹತ್ತಿರ ಇದ್ದದ್ದು ಗೆದ್ದಲು ಹಿಡಿದು ಹೋಯ್ತು. ಅಮ್ಮನದು ಬೇರೆ ಫೋಟೊ ಇಲ್ಲ” ಅಂದರು. ಮಾವ ಆಗ ಇರಲಿಲ್ಲ. ಆದರೆ ಅವರ ರಿಜಿಸ್ಟರ್ ಇತ್ತು. ಊರಿನ ಹೆಸರು, ಯಜಮಾನರ ಹೆಸರು, ಪ್ಲೇಟಿನ ನಂಬರು. ಅಟ್ಟದಿಂದ ಪೆಟ್ಟಿಗೆ ಇಳಿಸಿ ಹುಡುಕಿದೆವು. ಮೂರನೇ ಪೆಟ್ಟಿಗೆಯಲ್ಲಿ ಸಿಕ್ಕಿತು. ಒಂದು ಮೂಲೆ ಸೀಳಿತ್ತು ಅಷ್ಟೇ.

ಪ್ಲೇಟನ್ನು ಪೇಪರಿನ ಮೇಲೆ ಹಾಗೇ ಇಟ್ಟು ಬಲ್ಬು ಹಾಕಿ ಕಾಂಟ್ಯಾಕ್ಟ್ ಪ್ರಿಂಟ್ ಮಾಡಿದೆ. ಅವರನ್ನೂ ಡಾರ್ಕ್ ರೂಮಿಗೆ ಕರೆದೆ. ಕೆಂಪು ಬೆಳಕಿನಲ್ಲಿ ಪೇಪರು ಮುಳುಗಿಸಿದ ಮೇಲೆ ಮೊದಲು ಜಗಲಿಯ ಕಂಬ ಬಂದವು. ಆಮೇಲೆ ತುಳಸಿಕಟ್ಟೆ. ಆಮೇಲೆ ನಿಧಾನಕ್ಕೆ ಮುಖಗಳು. ಅವರು ಮಾತಾಡಲಿಲ್ಲ. ಹೊರಗೆ ತಂದು ಬೆಳಕಿನಲ್ಲಿ ನೋಡಿ, ಭೂತಗನ್ನಡಿ ಕೇಳಿದರು. ಅಮ್ಮನ ಮುಖ ನೋಡಲು ಕೇಳಿದರು ಅಂದುಕೊಂಡೆ. ಅವರು ನೋಡಿದ್ದು ಹಿಂದಿನ ಗೋಡೆ. ಬಾಗಿಲ ಪಕ್ಕದಲ್ಲಿ ಇದ್ದಿಲಿನಲ್ಲಿ ಗೀಟು ಹಾಕಿದ ಲೆಕ್ಕ ಇತ್ತು, ಐದೈದು ಗೀಟಿನ ಗುಂಪು. “ಇದು ಅಪ್ಪಯ್ಯ ಬರೆದದ್ದು. ಭತ್ತದ ಲೆಕ್ಕ. ಆ ವರ್ಷದ ಕಡೇ ಭತ್ತ” ಅಂದರು. ಒಂದೊಂದೇ ಗೀಟು ಬೆರಳಿಟ್ಟು ಎಣಿಸಿದರು. ಮಗನಿಗೆ ಎಣಿಸಿ ತೋರಿಸಿದರು.

ಆ ಫೋಟೊ ತೆಗೆಯುವಾಗ ನಮ್ಮ ಮಾವನಿಗೆ ಆ ಗೀಟುಗಳು ಕಂಡಿರಲಿಕ್ಕಿಲ್ಲ. ಅವರು ಜನರನ್ನು ಸಾಲಾಗಿ ನಿಲ್ಲಿಸುವುದರಲ್ಲಿ ಇದ್ದಿರಬೇಕು. ಗೀಟುಗಳನ್ನು ಹಿಡಿದು ಇಟ್ಟುಕೊಂಡದ್ದು ಗಾಜು. ನಲವತ್ತು ವರ್ಷ ಅಟ್ಟದಲ್ಲಿ ಕೂತು, ಕೇಳಿದವರು ಬಂದ ದಿನ ಕೊಟ್ಟಿತು.

ಇದಾದ ಕೆಲವು ವರ್ಷಕ್ಕೆ ಹತ್ತಿರದ ಇನ್ನೊಂದು ಊರಿನಲ್ಲಿ ಹಳೆಯ ಸ್ಟುಡಿಯೋ ಒಂದು ಮುಚ್ಚಿತು. ನಮಗಿಂತ ಹಳೆಯದು. ಊರು ಹೆಸರು ಬೇಡ, ಅವರಿಗೂ ಕಷ್ಟ ಇತ್ತು. ಮಕ್ಕಳು ಕಟ್ಟಡ ಖಾಲಿ ಮಾಡಬೇಕಾಗಿತ್ತು. ನೆಗೆಟಿವ್‌ಗಳನ್ನೆಲ್ಲ ಚೀಲಕ್ಕೆ ತುಂಬಿ ಬೆಳ್ಳಿ ತೆಗೆಯುವವರಿಗೆ ತೂಕದ ಲೆಕ್ಕದಲ್ಲಿ ಕೊಟ್ಟರು. ಕಪ್ಪು ಬಿಳುಪಿನ ಫಿಲ್ಮಿನಲ್ಲಿ ಚಿತ್ರ ಅಂದರೆ ಬೆಳ್ಳಿಯೇ. ಬೆಳಕು ತಾಗಿದ ಕಡೆ ಬೆಳ್ಳಿ ಉಳಿಯುತ್ತದೆ, ಉಳಿದದ್ದನ್ನು ಹೈಪೋ ತೆಗೆದುಬಿಡುತ್ತದೆ. ಆಸ್ಪತ್ರೆಯ ಹಳೆಯ ಎಕ್ಸ್‌ರೇಗಳನ್ನು ಕೊಳ್ಳುವವರು ಇದ್ದಾರಲ್ಲ, ಅದೇ ವ್ಯಾಪಾರ. ಪಟ್ಟಿಯನ್ನು ದ್ರಾವಣದಲ್ಲಿ ಹಾಕಿ ಬೆಳ್ಳಿ ಇಳಿಸಿಕೊಳ್ಳುತ್ತಾರೆ, ಖಾಲಿ ಪ್ಲಾಸ್ಟಿಕ್ ಉಳಿಯುತ್ತದೆ. ಆ ಊರಿನ ಮದುವೆ, ಶಾಲೆಯ ಗ್ರೂಪ್ ಫೋಟೊ, ಜಾತ್ರೆ, ತೀರಿಕೊಂಡವರ ಕಡೆಯ ಫೋಟೊ, ಎಲ್ಲ ಹೋಯಿತು. ಸುದ್ದಿ ತಿಳಿದು ನಮ್ಮನೆಯವರು ಬಸ್ಸು ಹತ್ತಿ ಹೋಗುವಷ್ಟರಲ್ಲಿ ಚೀಲ ಸಾಗಿಸಿ ಆಗಿತ್ತು. ಬರುವಾಗ ನೆಲದಲ್ಲಿ ಬಿದ್ದಿದ್ದ ಎರಡು ಪಟ್ಟಿ ಎತ್ತಿಕೊಂಡು ಬಂದರು. ಒಂದರಲ್ಲಿ ಯಕ್ಷಗಾನದ ವೇಷ ಕಟ್ಟಿಕೊಂಡವರು ಬೀಡಿ ಸೇದುತ್ತಾ ಕೂತಿದ್ದಾರೆ. ಅದು ಈಗಲೂ ನನ್ನ ಹತ್ತಿರ ಇದೆ.

ಮೈಸೂರಿನ ಟಿ.ಎಸ್. ಸತ್ಯನ್ ಅವರಂಥ ದೊಡ್ಡ ಛಾಯಾಗ್ರಾಹಕರ ಚಿತ್ರಗಳನ್ನು ಜೋಪಾನ ಮಾಡುವ ಜನ ಇದ್ದಾರೆ. ಇರಬೇಕು. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ಕಲೆ ಮತ್ತು ಛಾಯಾಗ್ರಹಣಕ್ಕೆಂದೇ ಒಂದು ಮ್ಯೂಸಿಯಂ ತೆರೆದಿದೆ, ಅದೂ ಸಂತೋಷ. ಆದರೆ ತಾಲ್ಲೂಕು ಊರಿನ ಸ್ಟುಡಿಯೋದವರ ಪೆಟ್ಟಿಗೆಗಳನ್ನು ಯಾರು ನೋಡಬೇಕು? ಒಂದೊಂದು ಊರಿನ ಇಡೀ ಜನರ ಮುಖ ಅದರಲ್ಲಿದೆ.

ಡಿಜಿಟಲ್ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ತಂಗಿಯ ಮಗನ ಮದುವೆಯಲ್ಲಿ ನಾಲ್ಕು ಸಾವಿರ ಫೋಟೊ ತೆಗೆದರು. ಚೆನ್ನಾಗಿಯೇ ಬಂದಿದ್ದವು. ಎಲ್ಲ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟಿದ್ದರು, ಆಲ್ಬಂ ಆಮೇಲೆ ಮಾಡಿಸೋಣ ಅಂತ. ಮೂರು ವರ್ಷಕ್ಕೆ ಡಿಸ್ಕ್ ಕೆಟ್ಟಿತು. ಈಗ ಅವರ ಮದುವೆಯದು ಅಂತ ಇರುವುದು ನೆಂಟರ ಮೊಬೈಲಿನಲ್ಲಿದ್ದ ಹತ್ತೋ ಹನ್ನೆರಡೋ.

ನೆಗೆಟಿವ್ ಕೂಡ ತಾನಾಗಿ ಉಳಿಯುವುದಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ನಮ್ಮ ತೊಂಬತ್ತರ ದಶಕದ ಕಲರ್ ನೆಗೆಟಿವ್‌ಗಳ ಬಣ್ಣ ಮಾಸಿದೆ. ಕಲರ್ ಫಿಲ್ಮಿನಲ್ಲಿ ಕೊನೆಗೆ ಉಳಿಯುವುದು ಬಣ್ಣ ಮಾತ್ರ, ಬೆಳ್ಳಿ ಅಲ್ಲ. ಕಪ್ಪು ಬಿಳುಪಿನವು ಚೆನ್ನಾಗಿವೆ. ಆದರೆ ಅದರಲ್ಲೂ ಒಂದು ಪೆಟ್ಟಿಗೆ ತೆರೆದಾಗ ವಿನೆಗರ್ ವಾಸನೆ ಗಪ್ ಅಂತ ಮೂಗಿಗೆ ಬಡಿಯಿತು. ಫಿಲ್ಮಿನ ಪ್ಲಾಸ್ಟಿಕ್ ಶೆಕೆ ಮತ್ತು ತೇವಕ್ಕೆ ಕೊಳೆತರೆ ಆ ವಾಸನೆ ಬರುತ್ತದೆ. ಪಟ್ಟಿ ಸುರುಟಿಕೊಂಡು ಸುಕ್ಕು ಬಿದ್ದಿತ್ತು. ಅದನ್ನು ಬೇರೆ ಇಟ್ಟೆ, ಇಲ್ಲದಿದ್ದರೆ ಪಕ್ಕದವಕ್ಕೂ ಹಿಡಿಯುತ್ತದೆ. ಮಲೆನಾಡಿನಲ್ಲಿ ಬೂಷ್ಟಿನ ಕಾಟ ಹೇಳುವುದೇ ಬೇಡ. ಫಿಲ್ಮಿನ ಮೇಲಿರುವುದು ಜೆಲಾಟಿನ್, ಬೂಷ್ಟಿಗೆ ಅದೇ ಊಟ.

ಇನ್ನು ನಮ್ಮ ಮೊಮ್ಮಗಳ ವಿಷಯ. ಬೆಂಗಳೂರಿನಲ್ಲಿ ಓದುತ್ತಾಳೆ. ಅಜ್ಜನ ಯಾಶಿಕಾ ಮ್ಯಾಟ್ ಕ್ಯಾಮೆರಾ ಕೇಳಿದಳು, ಕೊಟ್ಟೆ. ಒಂದು ರೀಲು ತೆಗೆದು ಲ್ಯಾಬಿಗೆ ಕೊಟ್ಟು, ಚಿತ್ರಗಳನ್ನು ನನ್ನ ಮೊಬೈಲಿಗೆ ಕಳಿಸಿದಳು. ಒಳ್ಳೇ ಫೋಟೊ. ರಜೆಗೆ ಬಂದಾಗ ಕೇಳಿದೆ, ನೆಗೆಟಿವ್ ಎಲ್ಲಿ ಪುಟ್ಟಿ ಅಂತ. “ತರಲಿಲ್ಲ ಅಜ್ಜಿ, ಸ್ಕ್ಯಾನ್ ಬಂತಲ್ಲ. ಕೊರಿಯರಿಗೆ ಬೇರೆ ದುಡ್ಡು” ಅಂದಳು. ಅವಳ ಗೆಳೆಯರಲ್ಲೂ ಸುಮಾರು ಜನ ತರುವುದಿಲ್ಲವಂತೆ. ರೀಲಿಗೆ ಅಷ್ಟು ದುಡ್ಡು ಕೊಟ್ಟು, ಅಷ್ಟು ಯೋಚನೆ ಮಾಡಿ ಫೋಟೊ ತೆಗೆದು, ಕಡೆಗೆ ಅಸಲನ್ನು ಅಂಗಡಿಯಲ್ಲೇ ಬಿಟ್ಟು ನಕಲು ತಂದುಕೊಳ್ಳುವುದು. ನಿಮ್ಮ ಬರಹ ಓದಿದಾಗ ನನಗೆ ನೆನಪಾದದ್ದು ಇದು. ಈ ಪತ್ರ ಬರೆಯಲು ಕಾರಣವೂ ಇದೇ.

ಬೈಯಲಿಲ್ಲ. ಇನ್ನೊಂದು ರೀಲು ತೆಗಿ, ನಾವೇ ತೊಳೆಯೋಣ ಅಂದೆ. ಇಲ್ಫೋರ್ಡ್‌ನ ಎಚ್‌ಪಿ5 ಅನ್ನುವ ಕಪ್ಪು ಬಿಳುಪಿನ ರೀಲು ತಂದಿದ್ದಳು, ಡಿ-76 ಪುಡಿಯ ಪ್ಯಾಕೆಟ್ಟನ್ನೂ ತರಿಸಿದಳು. ಪ್ಯಾಕೆಟ್ ನೋಡಿ ನನಗೆ ಕಣ್ಣು ತುಂಬಿ ಬಂತು. ಕೊಡಾಕ್‌ನವರು 1927ರಲ್ಲಿ ಮಾಡಿದ ಡೆವಲಪರ್ ಅದು. ನಾವು ಪ್ಯಾಕೆಟ್ ಕೊಳ್ಳುತ್ತಿರಲಿಲ್ಲ, ಸಣ್ಣ ತಕ್ಕಡಿಯಲ್ಲಿ ತೂಗಿ ಮಾಡಿಕೊಳ್ಳುತ್ತಿದ್ದೆವು. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100, ಹೈಡ್ರೋಕ್ವಿನೋನ್ 5, ಬೋರ್ಯಾಕ್ಸ್ 2. ಅಡುಗೆಯ ಅಳತೆ ಮರೆತರೂ ಇದು ಮರೆಯುವುದಿಲ್ಲ.

ಬಚ್ಚಲುಮನೆಯ ಕಿಟಕಿಗೆ ಕಂಬಳಿ ಕಟ್ಟಿದೆವು. ಬೋಗುಣಿ ಬೇಡ ಅಂತ ಅವಳು ಪ್ಲಾಸ್ಟಿಕ್ ಟ್ಯಾಂಕ್ ತಂದಿದ್ದಳು. ಕತ್ತಲೆಯಲ್ಲಿ ಅದರ ಸುರುಳಿಗೆ ಫಿಲ್ಮ್ ಸೇರಿಸಬೇಕು. “ಅಜ್ಜಿ, ತುದಿ ಸಿಕ್ತಾ ಇಲ್ಲ” ಅಂದಳು. ಅವಳ ಬೆರಳು ಹಿಡಿದು ತೋರಿಸಿದೆ. ಮಧ್ಯ ಮುಟ್ಟಬೇಡ, ಅಂಚು ಮಾತ್ರ ಹಿಡಿ, ಅವಸರ ಮಾಡಬೇಡ. ಟಿಕ್ ಟಿಕ್ ಅಂತ ಸುರುಳಿ ತಿರುಗಿ ಫಿಲ್ಮ್ ಒಳಗೆ ಹೋಗುವ ಸದ್ದು ಬಂತು. ತೊಳೆದು ಅಟ್ಟದ ಅದೇ ಮೂಲೆಯಲ್ಲಿ ಕಟ್ಟಿದೆವು. ಹನ್ನೆರಡು ಚಿತ್ರದಲ್ಲಿ ಮೂರನೆಯದು ನಾನು ಹಿತ್ತಿಲಲ್ಲಿ ಹೂ ಕೀಳುತ್ತಿರುವುದು. ನೆಗೆಟಿವ್ ಅಲ್ವಾ, ನನ್ನ ಬಿಳಿ ಕೂದಲೆಲ್ಲ ಕಪ್ಪಾಗಿ ಕಂಡಿತು. ಅವಳು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ತಾನೇ ಬೆಂಗಳೂರಿಗೆ ಫೋನ್ ಮಾಡಿ, ನನ್ನ ಹಳೇ ರೀಲಿನ ನೆಗೆಟಿವ್ ಇದೆಯಾ, ಎಸೀಬೇಡಿ ಅಂತ ಕೇಳಿದಳು. ಪುಣ್ಯಕ್ಕೆ ಇನ್ನೂ ಇತ್ತು.

ಆಗಸ್ಟ್ 19 ಅಂದರೆ 1839ರಲ್ಲಿ ಫ್ರಾನ್ಸಿನಲ್ಲಿ ಡಾಗೆರ್ ಅನ್ನುವವರ ಫೋಟೊ ತೆಗೆಯುವ ವಿಧಾನವನ್ನು ಎಲ್ಲರಿಗೂ ತಿಳಿಸಿದ ದಿನ. ಆ ವಿಧಾನದಲ್ಲಿ ನೆಗೆಟಿವ್ ಇರಲಿಲ್ಲ, ತಗಡಿನ ಮೇಲೆ ಒಂದೇ ಚಿತ್ರ. ನೆಗೆಟಿವ್ ಕೊಟ್ಟವರು ಇಂಗ್ಲೆಂಡಿನ ಟಾಲ್ಬಟ್. ಅವರು 1835ರ ಆಗಸ್ಟ್‌ನಲ್ಲಿ ತಮ್ಮ ಮನೆಯ ಕಿಟಕಿಯ ಚಿತ್ರ ಹಿಡಿದ ಅಂಚೆ ಚೀಟಿಯಷ್ಟು ಪುಟ್ಟ ಕಾಗದದ ನೆಗೆಟಿವ್ ಇವತ್ತಿಗೂ ಇದೆ. ಯಾರೋ ಎಸೆಯದೆ ಇಟ್ಟರು, ಅದಕ್ಕೆ ಇದೆ.

ಕೊಡಾಕ್ 2012ರಲ್ಲಿ ದಿವಾಳಿ ಅರ್ಜಿ ಹಾಕಿದಾಗ ಫಿಲ್ಮಿನ ಕಥೆ ಮುಗಿಯಿತು ಅಂತ ನಮ್ಮನೆಯವರು ಬೇಜಾರು ಮಾಡಿಕೊಂಡಿದ್ದರು. ಆ ವರ್ಷವೇ ನಿಲ್ಲಿಸಿದ ಎಕ್ಟಾಕ್ರೋಮ್ ಫಿಲ್ಮನ್ನು ಅದೇ ಕೊಡಾಕ್ 2018ರಲ್ಲಿ ಮತ್ತೆ ತಂದಿತು. 2024ರಲ್ಲಿ ಪೆಂಟಾಕ್ಸ್‌ನವರು ಹೊಸ ಫಿಲ್ಮ್ ಕ್ಯಾಮೆರಾವನ್ನೇ ಮಾಡಿದರು. ನೋಡಲು ನಮ್ಮನೆಯವರು ಇಲ್ಲ. ಕೊಳ್ಳುವ ಮಕ್ಕಳು ಇದ್ದಾರೆ ಅನ್ನುವುದು ನನಗೆ ದೊಡ್ಡ ಸಮಾಧಾನ. ಅವರಿಗೆ ನನ್ನದು ಒಂದೇ ಕೋರಿಕೆ. ನೆಗೆಟಿವ್ ಕೇಳಿ ತೆಗೆದುಕೊಳ್ಳಿ. ಕೊರಿಯರಿನ ದುಡ್ಡು ಕೊಡಿ. ಕವರಿನ ಮೇಲೆ ತಾರೀಖು, ಊರು, ಫೋಟೊದಲ್ಲಿ ಇರುವವರ ಹೆಸರು ಬರೆಯಿರಿ.

ಹಳೆಯ ಸ್ಟುಡಿಯೋದ ಮನೆಯವರಿಗೆ: ತೂಕಕ್ಕೆ ಹಾಕಬೇಡಿ. ಕಾಗದದ ಕವರಿನಲ್ಲಿ ಹಾಕಿ, ತೇವ ಇಲ್ಲದ ಕೋಣೆಯಲ್ಲಿ ಕಬ್ಬಿಣದ ಬೀರುವಿನಲ್ಲಿಡಿ. ಶೀಟಿನ ಮಾಡಿನ ಕೆಳಗೆ ಬೇಡ, ಮಳೆಗಾಲದಲ್ಲಿ ಒದ್ದೆಯಾಗುವ ಗೋಡೆಗೆ ತಾಗಿಸಿ ಬೇಡ. ಊರಿನ ಹಿರಿಯರು ಇರುವಾಗಲೇ ಯಾರ ಫೋಟೊ ಅಂತ ಕೇಳಿ ಬರೆದಿಡಿ. ವಿಶ್ವವಿದ್ಯಾಲಯಗಳಿಗೆ, ಗ್ರಂಥಾಲಯ ಇಲಾಖೆಗೆ: ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಯವರು ತಮಿಳುನಾಡಿನ ಹಳೆಯ ಸ್ಟುಡಿಯೋಗಳಿಗೆ ಹೋಗಿ ಅಲ್ಲಿನ ಫೋಟೊಗಳನ್ನು ಡಿಜಿಟಲ್ ಮಾಡಿ ಇಟ್ಟಿದ್ದಾರೆ. ನಮ್ಮಲ್ಲೂ ಅದು ಆಗಬೇಕು. ಕುವೆಂಪು ವಿಶ್ವವಿದ್ಯಾಲಯ ನಮ್ಮ ಜಿಲ್ಲೆಯಲ್ಲೇ ಇದೆ. ಇತಿಹಾಸ ಓದುವ ಮಕ್ಕಳನ್ನು ಒಂದೊಂದು ತಾಲ್ಲೂಕಿಗೆ ಇಬ್ಬಿಬ್ಬರಂತೆ ಕಳಿಸಿದರೂ ಎಷ್ಟೋ ಉಳಿಯುತ್ತದೆ. ನನ್ನ ಮನೆಗೆ ಬಂದರೆ ಪೆಟ್ಟಿಗೆ ಇಳಿಸಿಕೊಡುತ್ತೇನೆ, ಊಟವನ್ನೂ ಹಾಕುತ್ತೇನೆ.

ಕಡೆಯದಾಗಿ ಒಂದು ವಿಷಯ. ಮಾವನ ರಿಜಿಸ್ಟರಿನಲ್ಲಿ ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ. ಹಾಗಾಗಿ ಮುಳುಗಡೆಗೆ ಮುಂಚಿನ ಮೂವತ್ತೊಂದು ಗಾಜಿನ ಪ್ಲೇಟು ಯಾರದ್ದು ಅಂತ ಗೊತ್ತಿಲ್ಲ. ಹೆಚ್ಚಿನವು ಮನೆ ಮುಂದೆ ನಿಂತ ಸಂಸಾರಗಳು. ಒಂದರಲ್ಲಿ ಒಬ್ಬಳೇ ಹುಡುಗಿ, ಹತ್ತು ವರ್ಷದವಳಿರಬಹುದು, ಕರುವಿನ ಹಗ್ಗ ಹಿಡಿದುಕೊಂಡು ನಿಂತಿದ್ದಾಳೆ. ಹಿಂದೆ ಮನೆಯ ಹೆಂಚು ಅರ್ಧ ಇಳಿಸಿದ್ದಾರೆ. ಆ ಹುಡುಗಿ ಈಗ ಎಪ್ಪತ್ತು ದಾಟಿರಬೇಕು. ನನ್ನ ವಿಳಾಸ ನಿಮ್ಮ ಕಚೇರಿಗೆ ಕೊಟ್ಟಿದ್ದೇನೆ. ಶರಾವತಿ ಮುಳುಗಡೆಯವರು ಯಾರಾದರೂ ಕೇಳಿದರೆ ದಯವಿಟ್ಟು ಕೊಡಿ. ದೀಪಾವಳಿ ಕಳೆದು ಮಳೆ ನಿಂತ ಮೇಲೆ ಬರಲಿ. ಪ್ಲೇಟುಗಳನ್ನು ಒರೆಸಿ, ಜಗಲಿಯ ಕಿಟಕಿಗೆ ಒರಗಿಸಿ ಇಟ್ಟಿರುತ್ತೇನೆ. ಅಲ್ಲಿ ಬೆಳಗ್ಗೆ ಹತ್ತು ಗಂಟೆಯವರೆಗೆ ಒಳ್ಳೇ ಬೆಳಕು ಬರುತ್ತದೆ.

ಇಂತಿ,
ಹಳೆಯ ಸ್ಟುಡಿಯೋ ಮನೆಯವಳು,
ಸಾಗರ, ಶಿವಮೊಗ್ಗ ಜಿಲ್ಲೆ